ಎದುರುಮನೆಯ ನೀರು

ನಾನು ಕಲಾಯಿಯವನು. ತಾಮ್ರದ ಹಂಡೆ, ಹಿತ್ತಾಳೆಯ ಬೋಗುಣಿಗಳ ಒಳಮೈಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವುದು ನಮ್ಮ ಮನೆತನದ ಕಸುಬು. ಹೆಸರು ಮೌಲಾಸಾಬ. ನನ್ನ ಮದುವೆಯಾದ ವರ್ಷವೇ ನಮ್ಮ ಸೀಮೆಗೆ ಅಲ್ಯುಮಿನಿಯಂ ಪಾತ್ರೆಗಳು ಬಂದವು. ಎರಡು ವರ್ಷ ಕಳೆಯುವುದರೊಳಗೆ ಕಲಾಯಿ ಬೇಕೆಂದು ಕರೆಯುವವರೇ ಇಲ್ಲವಾದರು. ಆಗ ಪರಿಚಯದ ಬಸ್ ಕಂಡಕ್ಟರನೊಬ್ಬ, "ನಾ ಹೇಳೂ ಊರಿಗೆ ಹೋಗು. ಅಲ್ಲೆ ನೀರು ಪಾತ್ರಿ ತಿಂತೈತಿ. ವರ್ಷಪೂರ್ತಿ ನಿನ್ನ ಕೈಗೆ ಬಿಡುವು ಸಿಗಾಂಗಿಲ್ಲ," ಎಂದ. ತಮಾಷೆಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಆದರೂ ಹೋದೆ. ಕೆಂಡ ಊದುವ ನನ್ನ ತಿದಿ, ಕಲಾಯಿಗೆ ಬೇಕಾದ ಒಂದು ಚೀಲ ನವಸಾಗರ, ಎರಡು ಟ್ರಂಕು, ಹೆಂಡತಿ ಜೈತೂನ್, ಇಷ್ಟನ್ನೂ ಹೊತ್ತುಕೊಂಡು ಬಸ್ಸು ನಮ್ಮನ್ನು ಆ ಊರಿನಲ್ಲಿ ಇಳಿಸಿತು.

ಊರೆಂದರೆ ಒಂದೇ ಉದ್ದನೆಯ ಬೀದಿ. ಬೀದಿಯ ಎರಡೂ ಕಡೆ ಎದುರುಬದುರು ಮನೆಗಳು, ಪ್ರತಿ ಮನೆಯ ಹಿತ್ತಿಲಲ್ಲಿ ಒಂದು ಬಾವಿ. ಮೂಡಲ ಸಾಲಿನ ಮನೆಯೊಂದು ಖಾಲಿಯಿತ್ತು, ಬಾಡಿಗೆ ಕೇಳುವವರೇ ಇರಲಿಲ್ಲವಂತೆ, ನಮಗೆ ಸುಲಭವಾಗಿ ಸಿಕ್ಕಿತು. ಹೋದ ದಿನವೇ ಜೈತೂನ್ ಬಾವಿಯಿಂದ ನೀರು ಸೇದಿ ಚಹಾಕ್ಕಿಟ್ಟಳು. ಹಾಲು ಹಾಕಿದ ತಕ್ಷಣ ಒಡೆಯಿತು. ಹಾಲಿನವನನ್ನು ಬೈದು ಬೇರೆ ಕಡೆಯಿಂದ ಹಾಲು ತಂದೆ. ಅದೂ ಒಡೆಯಿತು. ಬಿಸಿಲಲ್ಲಿ ಬಾಯಾರಿದ್ದ ನಾನು ಒಂದು ಚರಿಗೆ ನೀರೆತ್ತಿ ಗಟಗಟನೆ ಕುಡಿದೆ. ಎಳೆ ಹುಣಸೆಕಾಯಿ ಕಚ್ಚಿದಂತೆ ಹಲ್ಲುಗಳೆಲ್ಲ ಚುಳ್ಳೆಂದವು.

ಹೊಸ್ತಿಲ ಮೇಲೆ ಕೂತು ಇದೆಂಥ ಊರಿಗೆ ಬಂದೆವೋ ಎಂದುಕೊಳ್ಳುತ್ತಿರುವಾಗ ಎದುರುಮನೆಯಿಂದ ಒಬ್ಬ ಮುದುಕಿ ಕಂಕುಳಲ್ಲಿ ಕೊಡ ಇಟ್ಟುಕೊಂಡು, ಹೆಜ್ಜೆಯನ್ನು ತಡವಿ ತಡವಿ ಇಡುತ್ತ, ಬೀದಿ ದಾಟಿ ಬಂದಳು.

"ಯಾರದೀರವ್ವಾ ಒಳಗ?"

"ನಾವು ಹೊಸಬ್ರು. ಕಲಾಯಿಯವ್ರು," ಎಂದಳು ಜೈತೂನ್.

"ಕಲಾಯಿಯವ್ರರೆ ಆಗ್ರಿ, ಕಂಬಾರ್ರರೆ ಆಗ್ರಿ. ಈ ಮನಿಗೆ ಮಂದಿ ಬಂದ್ರಲ್ಲ, ಅಷ್ಟ ಸಾಕು ನನಗ. ಆರು ವರ್ಷದಿಂದ ಹುಣಸಿಹಣ್ಣು ಕಿವುಚಿ ಕಿವುಚಿ ನೀರು ಕುಡದು ನಾಲಿಗಿ ಸತ್ತು ಹೋಗೇತಿ. ಒಂದು ಕೊಡ ನಿಮ್ಮ ನೀರು ತಗೊಂಡು ನನ್ನ ಕಟ್ಟಿಗೆ ಬಾ ತಂಗಿ."

ಆಕೆಯೇ ಬಸಲಿಂಗವ್ವ. ಗಂಡ ಹೋಗಿ ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ.

ಮೂಡಲ ಸಾಲಿನ ಬಾವಿಗಳಲ್ಲೆಲ್ಲ ಹುಳಿನೀರು, ಪಡುವಲ ಸಾಲಿನವುಗಳಲ್ಲೆಲ್ಲ ಚೌಳುನೀರು. ಚೌಳುನೀರನ್ನು ಬೆರಳ ನಡುವೆ ತಿಕ್ಕಿದರೆ ಸಾಬೂನಿನಂತೆ ಜಾರುತ್ತಿತ್ತು, ನಾಲಿಗೆಗೆ ಕಹಿ, ಹೆಚ್ಚು ಹೊತ್ತು ಬಿಟ್ಟರೆ ಚರ್ಮವನ್ನೇ ಸುಡುತ್ತಿತ್ತು. ಮಳೆಯ ನೀರೂ ಅಷ್ಟೆ, ಯಾವ ಸಾಲಿನ ಹೆಂಚಿನ ಮೇಲೆ ಬಿತ್ತೋ ಆ ಸಾಲಿನ ಗುಣ ಹಿಡಿಯುತ್ತಿತ್ತು. ಹೊರಗಿನಿಂದ ಬಂಡಿಯಲ್ಲಿ ಹೇರಿ ತಂದರೂ ಮರುದಿನ ಬೆಳಗಾಗುವುದರೊಳಗೆ ಹುಳಿಯಾಗಬೇಕು, ಇಲ್ಲವೇ ಚೌಳಾಗಬೇಕು. ಎದುರುಬದುರು ಮನೆಯವರು ತಮ್ಮ ತಮ್ಮ ನೀರು ತಂದು ಬೆರೆಸಿದರೆ ಮಾತ್ರ ಅದು ಸಮನೀರಾಗುತ್ತಿತ್ತು. ಹಾಗೆ ಬೆರೆಸಿದ್ದು ಮೂರು ದಿನ ಕೆಡದೆ ಉಳಿಯುತ್ತಿತ್ತು. ಅದನ್ನು ಕುಡಿಯಬಹುದು, ಅದರಲ್ಲಿ ಬೇಳೆ ಬೇಯಿಸಬಹುದು, ಕೂಸಿಗೆ ನೀರು ಹಾಕಬಹುದು.

ಆ ದಿನ ಬಸಲಿಂಗವ್ವ ತನ್ನ ಕಟ್ಟೆಯ ಮೇಲೆ ಕೂತು ನಮಗೆ ಬೆರೆಸುವುದನ್ನು ಹೇಳಿಕೊಟ್ಟಳು. ನಮ್ಮ ಹುಳಿನೀರನ್ನು ಅಗಲ ಬಾಯಿಯ ಮಣ್ಣಿನ ಬಾನಿಗೆ ಸುರಿದಳು. ಒಣಗಿದ ಕೆಂಪು ದಾಸವಾಳದ ಎಸಳುಗಳನ್ನು ಒಂದು ಬಟ್ಟಲು ಬಿಸಿನೀರಲ್ಲಿ ನೆನೆಸಿಟ್ಟಿದ್ದಳು. ಬಾನಿಯ ನೀರನ್ನು ಚಮಚದಷ್ಟು ತೆಗೆದು ಅದಕ್ಕೆ ಆ ಹೂವಿನ ರಸ ಎರಡು ಹನಿ ಬಿಟ್ಟಳು. ನೀರು ಕೆಂಪಗಾಯಿತು. ಆಮೇಲೆ ತನ್ನ ಚೌಳುನೀರನ್ನು ಚರಿಗೆಯಿಂದ ಸಣ್ಣ ಧಾರೆಯಾಗಿ ಬಾನಿಗೆ ಬಿಡತೊಡಗಿದಳು.

"ಸಾವಕಾಶ ಬಿಡಬೇಕು. ಗಡಬಡಿ ಮಾಡಿದ್ರ ನೀರು ಕಾಯ್ತೈತಿ. ಮುಟ್ಟಿ ನೋಡು."

ಬಾನಿಯನ್ನು ಮುಟ್ಟಿದೆ. ಒಲೆಯ ಹತ್ತಿರ ಇಟ್ಟಂತೆ ಬೆಚ್ಚಗಾಗಿತ್ತು. ಮೂರು ಚರಿಗೆ ಬಿಟ್ಟ ಮೇಲೆ ಮತ್ತೆ ಚಮಚದಲ್ಲಿ ತೆಗೆದು ನೋಡಿದರೂ ಹೂವಿನ ರಸ ಕೆಂಪಗೇ ಇತ್ತು. ನಾಲ್ಕನೆಯದನ್ನು ಆಕೆ ಹನಿ ಹನಿಯಾಗಿ ಬಿಟ್ಟಳು. ಕೊನೆಕೊನೆಗೆ ಕೆಂಪು ಮಾಸಿ ನೇರಳೆಯ ಬಣ್ಣಕ್ಕೆ ತಿರುಗಿತು.

"ಇಲ್ಲಿಗೆ ಬಿಡಬೇಕು. ಇದರ ಮ್ಯಾಲೆ ಒಂದು ಹನಿ ಹೆಚ್ಚಾದ್ರೂ ಹಸರ ಆಗ್ತೈತಿ. ಹಸರಾತು ಅಂದ್ರ ಬಾಯಿ ಸುಡ್ತೈತಿ ಅಂತ ತಿಳಕೋ."

ಜೈತೂನ್ ಬೊಗಸೆಯಲ್ಲಿ ಹಿಡಿದು ಕುಡಿದಳು. "ಉಪ್ಪುಪ್ಪೈತಿ," ಎಂದಳು.

"ಐತಿ. ಅದಕ್ಕ ನಮ್ಮೂರಾಗ ಯಾರೂ ಉಪ್ಪು ಕೊಳ್ಳಾಂಗಿಲ್ಲ," ಎಂದು ಬಸಲಿಂಗವ್ವ ನಕ್ಕಳು. ಅಂದು ನಾವು ಕುಡಿದ ಚಹಾದಲ್ಲಿ ಹಾಲು ಒಡೆಯಲಿಲ್ಲ.

ಆ ಊರಿನಲ್ಲಿ ನಮಗೆ ನಾಲ್ಕು ವರ್ಷ ಒಳ್ಳೆಯ ಕಾಲ. ಕಂಡಕ್ಟರ್ ಹೇಳಿದ್ದು ನಿಜವೇ ಆಗಿತ್ತು. ಅಲ್ಯುಮಿನಿಯಂ ಪಾತ್ರೆ ಚೌಳು ಸಾಲಿನಲ್ಲಿ ಎರಡೇ ವಾರಕ್ಕೆ ತೂತು ಬೀಳುತ್ತಿತ್ತು. ಹುಳಿ ಸಾಲಿನಲ್ಲಿ ಬರಿಯ ತಾಮ್ರ ಬಳಸಿದರೆ ನೀರಿಗೆ ಹಸಿರು ಕಿಲುಬು ಇಳಿಯುತ್ತಿತ್ತು. ಆದ್ದರಿಂದ ಎಲ್ಲರಿಗೂ ತಾಮ್ರ ಹಿತ್ತಾಳೆಯೇ ಬೇಕು, ಅದಕ್ಕೆ ಕಲಾಯಿ ಬೇಕು, ಅದೂ ಮೂರು ತಿಂಗಳಿಗೊಮ್ಮೆ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ಬಿಳಿ ಹೊಗೆ ಏಳುತ್ತಿರುವಾಗಲೇ ತವರ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಅದಕ್ಕೆ ಮೊದಲು ಪಾತ್ರೆಯ ಜಿಡ್ಡು ಬಿಡಬೇಕಲ್ಲ, ಅದಕ್ಕೆ ಬಸಲಿಂಗವ್ವನ ಚೌಳುನೀರಿಗಿಂತ ಒಳ್ಳೆಯದು ನಾನು ಎಲ್ಲಿಯೂ ಕಂಡಿಲ್ಲ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಎಣ್ಣೆಯ ಗುರುತೂ ಇರುತ್ತಿರಲಿಲ್ಲ. ಕಿಲುಬು ತೆಗೆಯಲು ನನ್ನ ಬಾವಿಯ ಹುಳಿನೀರಿತ್ತು. ಬೇರೆ ಊರಿನಲ್ಲಿ ದುಡ್ಡು ಕೊಟ್ಟು ತರಬೇಕಾದದ್ದೆಲ್ಲ ನನಗೆ ಬೀದಿಯ ಆಚೆ ಈಚೆ ಸಿಗುತ್ತಿತ್ತು.

ಬೆಳಿಗ್ಗೆ ಎದ್ದರೆ ಬೀದಿಯುದ್ದಕ್ಕೂ ಕಟ್ಟೆಗಳ ಮೇಲೆ ಹೆಂಗಸರು ನೀರು ಬೆರೆಸುತ್ತ ಕೂತಿರುವುದು ಕಾಣುತ್ತಿತ್ತು. ಎದುರುಮನೆಯೆಂದರೆ ಅಲ್ಲಿ ಒಂದು ನಂಟು. ಮದುವೆಯಾದರೆ ಮೊದಲ ಎಲೆ ಎದುರುಮನೆಗೆ, ಸಾವಾದರೆ ಮೊದಲು ಬರುವವರು ಎದುರುಮನೆಯವರು. ಒಂದೊಂದು ಜೋಡಿಯ ನೀರಿಗೆ ಒಂದೊಂದು ಲೆಕ್ಕ. ಎರಡು ಮನೆಯ ನೀರು ನಾಲಿಗೆಗೆ ಒಂದೇ ಹುಳಿ ಎನಿಸಿದರೂ ಒಂದಕ್ಕೆ ಒಂದು ಚರಿಗೆ ಚೌಳು ಸಾಕು, ಇನ್ನೊಂದು ಮೂರು ಚರಿಗೆ ಕುಡಿದರೂ ಕೆಂಪು ಬಿಡುತ್ತಿರಲಿಲ್ಲ. ನಮ್ಮದು ಕೊಡಕ್ಕೆ ನಾಲ್ಕು ಚರಿಗೆಯ ಲೆಕ್ಕ. ಜೈತೂನ್ ಹುಳಿನೀರಿನ ಕೊಡ ಕಟ್ಟೆಗೆ ಒಯ್ದರೆ ಸಾಕು, ಬೆರೆಸುವುದೆಲ್ಲ ಬಸಲಿಂಗವ್ವನೇ. ಹೊಟ್ಟೆಯ ಮಗಳಂತೆ ಜೈತೂನಳನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು, ರೊಟ್ಟಿ ಬಡಿಯಲು ಕಲಿಸಿದಳು. ನನ್ನನ್ನು 'ಮೌಲಾ' ಎಂದು ಕರೆಯುತ್ತಿದ್ದಳು, ನಾನು 'ಅವ್ವಾ' ಎನ್ನುತ್ತಿದ್ದೆ.

ಅಂಥವಳಿಗೆ ನಾನು ಎಂಥ ಮಾತಾಡಿದೆ ಎಂಬುದನ್ನು ಈಗ ಹೇಳಬೇಕು.

ನಾಲ್ಕು ವರ್ಷ ತುಂಬಿದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಜೈತೂನ್ ಆಗಷ್ಟೇ ಬೆರೆಸಿ ತಂದ ನೀರನ್ನು ಚರಿಗೆ ಎತ್ತಿ ಕುಡಿದಳು. ಕುಡಿದವಳು ಚರಿಗೆ ಬಿಸಾಡಿ ಬಾಯಿ ಹಿಡಿದುಕೊಂಡು ಕೂತುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ತುಟಿ, ನಾಲಿಗೆಯೆಲ್ಲ ಬೊಬ್ಬೆ. ಗಂಜಿಯನ್ನೂ ನುಂಗಲಾಗದೆ ಕಣ್ಣೀರು ಸುರಿಸುತ್ತಿದ್ದಳು. ಉಳಿದ ನೀರಿಗೆ ದಾಸವಾಳದ ರಸ ಬಿಟ್ಟು ನೋಡಿದೆ. ಹುಲ್ಲಿನ ಹಾಗೆ ಹಸಿರು.

ನನಗೆ ತಲೆ ಕೆಟ್ಟಿತು. ಬೀದಿಯ ಮಧ್ಯೆ ನಿಂತು ಕೂಗಿದೆ. "ಬಸಲಿಂಗವ್ವಾ, ಹೊರಗ ಬಾ! ಹೆಂಗ ಬೆರಸೀದಿ ನೀರು? ನನ್ನ ಹೇಣತಿ ಬಾಯಿ ಬೆಂದೈತಿ!"

ಆಕೆ ಬಾಗಿಲಿಗೆ ಬಂದಳು. "ದಿನಾ ಬೆರಸಿದಂಗ ಬೆರಸೀನೋ ಮೌಲಾ. ನಾಲ್ಕು ಚರಗಿ..."

"ನಾಲ್ಕು ಚರಗಿ ಅಂತ ಲೆಕ್ಕ ಹಿಡದ್ರಾತೇನು? ಹೂವಿನ ಬಣ್ಣ ನೋಡಬಾರ್ದೇನು? ಕಣ್ಣು ಕಾಣದಿದ್ರ ಸುಮ್ನ ಮನಿಯಾಗ ಕೂಡಬೇಕು. ಮಂದೀ ನೀರಿಗೆ ಕೈ ಹಚ್ಚಬಾರ್ದು!"

ಸುತ್ತಲ ಮನೆಯವರೆಲ್ಲ ಹೊರಗೆ ಬಂದಿದ್ದರು. ಬಸಲಿಂಗವ್ವ ತಿರುಗಿ ಏನಾದರೂ ಅನ್ನುತ್ತಾಳೆ, ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಆಕೆ ಕಟ್ಟೆಯ ಮೇಲಿದ್ದ ಚರಿಗೆಯನ್ನು ಕೈಯಿಂದ ತಡಕಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆ ಜೈತೂನ್ ಬೊಬ್ಬೆಯೆದ್ದ ಬಾಯಿಂದಲೇ ಏನನ್ನೋ ಹೇಳಲು ಬಂದಳು. ಕೊಡ, ಕೊಡ ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. "ನಾಳೆಯಿಂದ ನಮ್ಮ ಹುಳಿನೀರು ಆ ಮನಿಗೆ ಹೋಗಬಾರದು," ಎಂದೆ.

ಆದರೆ ಕುಡಿಯುವುದೇನನ್ನು? ಪಡುವಲ ಸಾಲಿನ ಬೇರೆ ಮನೆಗಳಲ್ಲಿ ಕೇಳಿ ನೋಡಿದೆ. ಯಾರೂ ಒರಟಾಗಿ ಮಾತಾಡಲಿಲ್ಲ, ಆದರೆ ಯಾರೂ ಕೊಡಲೂ ಇಲ್ಲ. "ನಿಮ್ಮ ಎದುರುಮನಿ ಇರೂತನ ನಾವು ನಡುವ ಬರಬಾರದಪಾ," ಎಂದಳು ಮಡಿವಾಳರ ಫಕೀರವ್ವ. ಎರಡು ದಿನ ಮನೆಯಲ್ಲಿ ಉಳಿದಿದ್ದ ಸಮನೀರಿನಲ್ಲೇ ಕಳೆದೆವು. ಮೂರನೆಯ ದಿನ ನನಗೊಂದು ಯೋಚನೆ ಹೊಳೆಯಿತು. ಚೌಳಿನ ಕೆಲಸವನ್ನು ಸುಣ್ಣವೂ ಮಾಡುತ್ತದಲ್ಲ? ಹುಳಿಯನ್ನು ಅದೂ ಮುರಿಯುತ್ತದೆ. ಸುಣ್ಣವೊಂದಿದ್ದರೆ ನನಗೆ ಯಾವ ಎದುರುಮನೆಯ ಹಂಗೂ ಇಲ್ಲ. ಊರ ಹೊರಗಿನ ಗೂಡಿನಿಂದ ಆಗತಾನೇ ಸುಟ್ಟು ತೆಗೆದ ಸುಣ್ಣದ ಕಲ್ಲುಗಳನ್ನು ಒಂದು ಬುಟ್ಟಿ ತಂದೆ. ಅವುಗಳನ್ನು ನೀರಲ್ಲಿ ಹಾಕಿ ಅರಳಿಸುವುದನ್ನು ಎಷ್ಟೋ ಸಲ ನೋಡಿದ್ದೆ. ದೊಡ್ಡ ಗುಂಡಿ ತೋಡಿ, ದೂರ ನಿಂತು, ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತಾರೆ. ನಾನು ಸಿಟ್ಟಿನಲ್ಲಿದ್ದೆ. ಮನೆಯ ಮುಂದೆ ಒಂದು ಗಡಿಗೆಗೆ ಕಲ್ಲುಗಳನ್ನು ತುಂಬಿ, ಸೇದಿ ತಂದ ಹುಳಿನೀರನ್ನು ಒಂದೇ ಸಲಕ್ಕೆ ಸುರಿದು, ಏನಾಗುತ್ತದೆ ಎಂದು ಬಗ್ಗಿ ನೋಡಿದೆ.

ಗಡಿಗೆ ಕೊತಕೊತ ಕುದಿದು ಸಿಡಿಯಿತು. ಮುಖಕ್ಕೆ ಬೆಂಕಿ ಬಡಿದಂತಾಯಿತು. ಎಡಗಣ್ಣಿಗೆ ಯಾರೋ ಕೆಂಡ ತುರುಕಿದರು ಎನಿಸಿತು. ಬಲಗಣ್ಣೂ ಮುಚ್ಚಿಹೋಯಿತು. ನಾನು ಕೂಗಿಕೊಂಡು ನೆಲಕ್ಕೆ ಬಿದ್ದೆ.

ಪಕ್ಕದ ಮನೆಯ ಗದಿಗೆಯ್ಯ ಓಡಿಬಂದ. "ಸುಣ್ಣ ಹೊಕ್ಕೇತಿ ಕಣ್ಣಾಗ! ಹುಳಿನೀರು ಹಾಕ್ರಿ, ಹುಳಿ ಹಾಕಿದ್ರ ಸಮ ಆಗ್ತೈತಿ!" ಎಂದು ಅರಚುತ್ತಿದ್ದ. ನನ್ನದೇ ಕೊಡವನ್ನು ಯಾರೋ ಎತ್ತಿದ ಸದ್ದು ಕೇಳಿಸಿತು.

"ಹಾಕಬ್ಯಾಡ್ರೋ!"

ಅದು ಬಸಲಿಂಗವ್ವನ ದನಿ. ಅಷ್ಟು ದೊಡ್ಡದಾಗಿ ಆಕೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಕಣ್ಣಂದ್ರ ಬಾನಿ ಮಾಡೀರೇನು? ಒಳಗ ಹುಳಿ ಚೌಳು ಕೂಡಿ ಕುದ್ದು ಕಣ್ಣು ಬೇಯ್ತೈತಿ. ಸಮನೀರು ತರ್ರಿ. ಬರೇ ಸಮನೀರು. ಮನಿ ಮನಿಯಾಗ ಇದ್ದದ್ದೆಲ್ಲಾ ತರ್ರಿ, ಓಡ್ರಿ!"

ಆಕೆಯ ಕೈಗಳು ನನ್ನ ತಲೆಯನ್ನು ಹುಡುಕಿ ಎತ್ತಿ ತೊಡೆಯ ಮೇಲಿಟ್ಟುಕೊಂಡವು. ಒದ್ದೆ ಸೆರಗಿನ ತುದಿಯಿಂದ ರೆಪ್ಪೆಯ ಸಂದಿಯಲ್ಲಿದ್ದ ಸುಣ್ಣದ ಹರಳುಗಳನ್ನು ಒಂದೊಂದಾಗಿ ಬೆರಳಿಂದ ತಡವಿ ತಡವಿ ತೆಗೆದಳು.

"ಕಣ್ಣು ತೆರಿ, ಮೌಲಾ."

"ಆಗವಲ್ದವ್ವಾ."

"ತೆರೀಬೇಕು. ನಾ ಹಿಡದೀನಿ, ನೀ ಬಿಡು."

ಎರಡು ಹೆಬ್ಬೆರಳುಗಳಿಂದ ನನ್ನ ರೆಪ್ಪೆಗಳನ್ನು ಅಗಲಿಸಿ ಹಿಡಿದಳು. ಜೈತೂನ್ ನೀರು ಹಾಕತೊಡಗಿದಳು. ಮೊದಲು ಬಂದದ್ದು ಯಾವ ಹಂಡೆ ಎಂದು ನನಗೆ ಗೊತ್ತಾಯಿತು. ಚರಿಗೆ ತಗುಲಿದಾಗ ಗವಿಯೊಳಗೆ ಕೂಗಿದಂತೆ ಗುಂಯ್ ಎನ್ನುವ ಹಂಡೆ ಆ ಊರಿನಲ್ಲಿ ಒಂದೇ, ಬಸಲಿಂಗವ್ವನದು. ಅದಕ್ಕೆ ಹದಿನಾರು ಸಲ ಕಲಾಯಿ ಹಾಕಿದ್ದೆ. ಅದು ಖಾಲಿಯಾಗುವ ಹೊತ್ತಿಗೆ ಇನ್ನೊಂದು ಬಂತು. ಗುಳುಗುಳು ಸದ್ದಿನ ಸಣ್ಣ ಬಾಯಿಯ ಕೊಡ, ಫಕೀರವ್ವನದು. ಅಂಚು ಸೀಳಿ ಚರಚರ ಎನ್ನುವುದು ಗದಿಗೆಯ್ಯನ ಮನೆಯದು. ತಳ ತಗ್ಗು ಬಿದ್ದು ನೆಲಕ್ಕಿಟ್ಟರೆ ಅಲ್ಲಾಡುವುದು ಬಡಿಗೇರರದು. ಕಣ್ಣು ಕಾಣದಿದ್ದರೂ ಬೀದಿಯ ಯಾವ ಮನೆಯವರು ಬಂದರು ಎಂದು ಪಾತ್ರೆಯ ಸದ್ದಿನಿಂದಲೇ ಹೇಳಬಲ್ಲವನಾಗಿದ್ದೆ. ಎಲ್ಲವೂ ನಾನು ಕೈಯಾಡಿಸಿದ ಪಾತ್ರೆಗಳೇ. ಬೀದಿಯ ಆ ಕೊನೆಯಿಂದಲೂ ಬಂದವು. ಹತ್ತೊಂಬತ್ತರವರೆಗೆ ಲೆಕ್ಕವಿಟ್ಟಿದ್ದೆ, ಆಮೇಲೆ ಬಿಟ್ಟೆ. ಕಣ್ಣಿಂದ ಹರಿದ ನೀರು ಕೆನ್ನೆಯ ಮೇಲಿಂದ ಬಾಯಿಗೆ ಬರುತ್ತಿತ್ತು. ಒಂದು ಮನೆಯದು ತೆಳು ಉಪ್ಪು, ಒಂದು ಮನೆಯದು ಕಡುವಾದ ಉಪ್ಪು, ಒಂದರಲ್ಲಿ ಉಪ್ಪಿನ ಹಿಂದೆ ಸಣ್ಣ ಕಹಿ. ಪಾದಕ್ಕೆ ತಾಗುತ್ತಿದ್ದ ಬಿಸಿಲು ಮೊಣಕಾಲಿಗೆ ಬಂತು, ಆಮೇಲೆ ಹೊಟ್ಟೆಗೆ ಬಂತು. ಬಸಲಿಂಗವ್ವನ ಹೆಬ್ಬೆರಳುಗಳು ಸಡಿಲಾಗಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ನನ್ನನ್ನು ಹತ್ತಿಸಿದರು. ಜೈತೂನ್ ಒಂದು ಕಡೆ, ಬಸಲಿಂಗವ್ವ ಇನ್ನೊಂದು ಕಡೆ. ತಾಲೂಕಿನ ಆಸ್ಪತ್ರೆಯವರೆಗೆ ಎರಡು ತಾಸಿನ ದಾರಿಯುದ್ದಕ್ಕೂ ಉಳಿದ ಒಂದು ಕೊಡದ ನೀರನ್ನು ಕಣ್ಣಿಗೆ ಹಾಕುತ್ತಲೇ ಇದ್ದರು. ಬಸ್ಸಿನ ನೆಲವೆಲ್ಲ ಒದ್ದೆಯಾಯಿತು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಒಬ್ಬ ಹೆಂಗಸು. ಬಹಳ ಹೊತ್ತು ದೀಪ ಬಿಟ್ಟು ಪರೀಕ್ಷೆ ಮಾಡಿದರು. ಮತ್ತೂ ತೊಳೆದರು, ಮುಲಾಮು ಹಚ್ಚಿದರು, ಪಟ್ಟಿ ಕಟ್ಟಿದರು. ಆಮೇಲೆ ಕೇಳಿದರು, "ಇದನ್ನು ಮೊದಲು ತೊಳೆದವರು ಯಾರು?"

"ನಾನ್ರೀ," ಎಂದಳು ಬಸಲಿಂಗವ್ವ, ತಪ್ಪು ಮಾಡಿದವಳ ಹಾಗೆ.

"ಎಷ್ಟು ಹೊತ್ತು ತೊಳೆದಿರಿ?"

"ಹೊತ್ತು ಗೊತ್ತಿಲ್ರೀ ಅಕ್ಕಾರ. ಊರಾಗಿನ ನೀರು ಮುಗಿಯೂತನ."

"ಸುಣ್ಣ ಬಿದ್ದ ಕಣ್ಣು ಉಳಿಯುವುದು ಕಷ್ಟ. ಇವರ ಬಲಗಣ್ಣಿಗೆ ಏನೂ ಆಗಿಲ್ಲ. ಎಡಗಣ್ಣಿನಲ್ಲಿ ಒಂದು ಬಿಳಿ ಕಲೆ ಉಳಿಯಬಹುದು, ಆದರೂ ಕಾಣುತ್ತದೆ. ನೀವು ತೊಳೆಯದಿದ್ದರೆ ಎರಡೂ ಹೋಗುತ್ತಿದ್ದವು," ಎಂದರು. ಮತ್ತೆ ಅವರ ದನಿ ಬದಲಾಯಿತು. "ಅಜ್ಜಿ, ಒಂದು ನಿಮಿಷ ಈ ಕಡೆ ತಿರುಗಿ. ಈ ದೀಪ ನೋಡಿ. ನಿಮಗೆ ಎಷ್ಟು ದಿನದಿಂದ ಹೀಗಿದೆ?"

"ನಾಲ್ಕೈದು ವರ್ಷಾತ್ರಿ. ಮೊದಲು ಮಸುಕಿತ್ತು. ಈಗ ಎರಡು ವರ್ಷದಿಂದ ಬೆಳಕು ನೆರಳು ಅಷ್ಟ ಗೊತ್ತಾಗ್ತೈತಿ."

"ಎರಡೂ ಕಣ್ಣಿಗೆ ಪೊರೆ ಬಲಿತಿದೆ. ಆಪರೇಷನ್ ಮಾಡಿದರೆ ಕಾಣುತ್ತದೆ."

ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಬಿದ್ದಿದ್ದ ನಾನು ಇದನ್ನೆಲ್ಲ ಕೇಳಿಸಿಕೊಂಡೆ. ಬೀದಿಯಲ್ಲಿ ನಿಂತು ನಾನು ಬೈಗುಳವೆಂದು ಆಡಿದ್ದು ನಿಜವಾಗಿತ್ತು. ನನಗೆ ಅದು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಆಕೆ ಅದನ್ನು ಮುಚ್ಚಿಟ್ಟುಕೊಂಡು ನಮಗೆ ನೀರು ಬೆರೆಸುತ್ತಿದ್ದಳು.

ನಾನು ಆಸ್ಪತ್ರೆಯಲ್ಲಿದ್ದ ಹತ್ತು ದಿನಗಳಲ್ಲಿ ಜೈತೂನ್ ಒಂದೊಂದಾಗಿ ಉಳಿದದ್ದನ್ನೂ ಹೇಳಿದಳು. ಜಗಳದ ಹಿಂದಿನ ರಾತ್ರಿ ನಾನು ಜಿಡ್ಡಿನ ಚರಿಗೆಗಳನ್ನು ಚೌಳುನೀರಲ್ಲಿ ನೆನೆಹಾಕಿದ್ದು ನಮ್ಮ ಹುಳಿನೀರು ಒಯ್ಯುವ ಕೊಡದಲ್ಲೇ. ಬೆಳಗಾದ ಮೇಲೆ ಚರಿಗೆಗಳನ್ನು ತೆಗೆದು ಚೌಳುನೀರನ್ನು ತಳದಲ್ಲೇ ಬಿಟ್ಟಿದ್ದೆ. ಜೈತೂನ್ ನೋಡದೆ ಅದರ ಮೇಲೆಯೇ ಹುಳಿನೀರು ತುಂಬಿ ಕಟ್ಟೆಗೆ ಒಯ್ದಿದ್ದಳು. ಹುಳಿ ಅರ್ಧ ಸತ್ತಿದ್ದ ಆ ನೀರಿಗೆ ನಾಲ್ಕು ಚರಿಗೆ ಚೌಳು ಬಿದ್ದರೆ ಬಾಯಿ ಸುಡದೆ ಇನ್ನೇನಾಗುತ್ತದೆ? ಅಂದು ಸಂಜೆ ಆಕೆ ಕೊಡ, ಕೊಡ ಎಂದದ್ದು ಇದನ್ನೇ.

"ಇನ್ನೊಂದು ಹೇಳ್ಲೇನ್ರೀ?" ಎಂದಳು. "ಜಗಳಾದ ಮ್ಯಾಲೆ ಬಸಲಿಂಗವ್ವನ ಮನಿಯಾಗೂ ಹಿಂದಿನ ದಿನ ಬೆರಸಿದ್ದ ಸಮನೀರು ಇದ್ದದ್ದು ಅದೊಂದ ಹಂಡೆ. ಆಕಿ ಮತ್ತ ಹುಣಸಿಹಣ್ಣು ಕಿವುಚಿ ಕುಡಿಯೂದು ಸುರು ಮಾಡಿದ್ಲಂತ. ಹಂಡೆ ನೀರು ಮುಟ್ಟಿರಲಿಲ್ಲಂತ. 'ಜೈತೂನವ್ವನ ಬಾಯಿ ಬ್ಯಾನಿ ಐತಿ, ಇವತ್ತಲ್ಲ ನಾಳೆ ಕೇಳಾಕ ಬರ್ತಾಳ' ಅಂತ ಕಾದಿದ್ಲಂತ."

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಹಂಡೆಯ ನೀರು.

ಊರಿಗೆ ಮರಳಿದಾಗ ಬೀದಿಯವರು ಕಣ್ಣಿನ ವಿಷಯ ಕೇಳಿದರು, ತಮ್ಮ ನೀರಿನ ಮಾತನ್ನು ಯಾರೂ ಎತ್ತಲಿಲ್ಲ. ನಾನಾಗಿ ಗದಿಗೆಯ್ಯನನ್ನು ಕೇಳಿದೆ. ಬೇಸಿಗೆಯಲ್ಲಿ ಬಾವಿಗಳಿಗೆ ನೀರು ಊರುವುದು ರಾತ್ರಿಯೇ ಆದ್ದರಿಂದ ಅಂದು ರಾತ್ರಿ ಬೀದಿಯಲ್ಲಿ ಒಂದು ಮನೆಯಲ್ಲೂ ಅಡುಗೆಯಾಗಿರಲಿಲ್ಲವಂತೆ. ಮಕ್ಕಳಿಗೆ ಹಾಲು ಕೊಟ್ಟು, ದೊಡ್ಡವರು ಒಣ ಚುರುಮುರಿ ತಿಂದು ಮಲಗಿದರಂತೆ. "ಅದನ್ಯಾಕ ಕೇಳ್ತಿ? ಬೆಳಿಗ್ಗೆ ಎದ್ದು ಮತ್ತ ಬೆರಸಿದ್ರಾತು," ಎಂದ. ಪಾತ್ರೆ ತಂದರೆ ಈ ಸಲ ಸುಮ್ಮನೆ ಕಲಾಯಿ ಹಾಕಿಕೊಡುತ್ತೇನೆ ಎಂದು ಮನೆ ಮನೆಗೂ ಹೇಳಿ ಬಂದೆ. ಎಲ್ಲರೂ ಹೂಂ ಎಂದರು. ಯಾರೂ ಹೊತ್ತಿಗೆ ಮುಂಚೆ ಒಂದು ಪಾತ್ರೆಯನ್ನೂ ತರಲಿಲ್ಲ.

ಬಸಲಿಂಗವ್ವನ ಕಟ್ಟೆಗೆ ಹೋದವನು ನೆಲದ ಮೇಲೆ ಕೂತೆ. ಕೊಡದ ವಿಷಯವನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. "ತಪ್ಪು ನಂದವ್ವಾ. ನಾನು ಆಡಬಾರದ ಮಾತಾಡಿದೆ," ಎಂದೆ.

ಆಕೆ ನಕ್ಕಳು. "ನಿನ್ನ ಕೊಡದಾಗ ಚೌಳಿತ್ತು, ನನ್ನ ಕಣ್ಣಾಗ ಪೊರಿ ಇತ್ತು. ಇಬ್ರೂ ಕೂಡಿ ಆ ಹೆಣ್ಣುಮಗಳ ಬಾಯಿ ಸುಟ್ಟಿವಿ. ನಡಿ, ಇಬ್ರೂ ಹೋಗಿ ಆಕಿ ಮುಂದ ಕೈ ಮುಗಿಯೂಣು."

ನಿಜವಾಗಿಯೂ ಎದ್ದು ಬಂದು ಕೈ ಮುಗಿದಳು. ಜೈತೂನ್ ಅಳುತ್ತ ಆಕೆಯ ಕೈಗಳನ್ನು ಹಿಡಿದುಕೊಂಡಳು. ಅಳು ನಿಂತ ಮೇಲೆ ಹೇಳಿದಳು, "ನನಗ ಕೈ ಮುಗಿಯೂದು ಬ್ಯಾಡ. ನೀ ಆಪರೇಷನ್ ಮಾಡಿಸ್ಕೋ."

"ಈ ವಯಸ್ಸಿನಾಗ ಕಣ್ಣಿಗೆ ಕತ್ತರಿ ಹಚ್ಚಿಸ್ಕೊಳ್ಳಲೇನವ್ವಾ? ನನಗ ಅಂಜಿಕಿ ಬರ್ತೈತಿ."

"ನೀ ಮಾಡಿಸ್ಕೊಳ್ಳದಿದ್ರ ನಾ ನಿನ್ನ ನೀರು ಕುಡಿಯಾಂಗಿಲ್ಲ."

ಆರು ವಾರ ಆಕೆ ಏನೇನೋ ನೆಪ ಹೇಳಿದಳು. ಬೆರೆಸುವಾಗ ಹೂವಿನ ಬಣ್ಣ ನೋಡಲು ಜೈತೂನ್ ಪಕ್ಕದಲ್ಲೇ ಕೂರುತ್ತಿದ್ದಳು, ಕೆಂಪು, ಇನ್ನೂ ಕೆಂಪು, ಈಗ ಸಾಕು ಎಂದು ಹೇಳುತ್ತಿದ್ದಳು. ಆಷಾಢ ಕಳೆದ ಮೇಲೆ ಬಸಲಿಂಗವ್ವ ತಾನಾಗಿಯೇ ಒಂದು ಸೀರೆ ಗಂಟು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಳು. "ನಡೀರಿ, ಬಸ್ಸು ಹೋಗ್ತೈತಿ," ಎಂದಳು.

ಆಪರೇಷನ್ ಆದ ದಿನ ನಾನು ಆಸ್ಪತ್ರೆಯ ನಳದಿಂದ ಒಂದು ಲೋಟ ನೀರು ತಂದುಕೊಟ್ಟೆ. ಒಂದು ಗುಟುಕು ಕುಡಿದು ತಡೆದಳು. "ಏನ್ ನೀರೋ ಇದು?" ಎಂದಳು.

"ನಳದ್ದವ್ವಾ. ಬೆರಸೂದೇನಿಲ್ಲ. ಬಂದಂಗ ಕುಡಿಯೂದು."

"ಹಂಗಂತ ಇದರಾಗ ಯಾರ ಮನಿದೂ ಏನೂ ಇಲ್ಲಲ್ಲೋ," ಎಂದು ಲೋಟ ತಿರುಗಿ ಕೊಟ್ಟಳು.

ಒಂದು ಕಣ್ಣಾದ ಮೇಲೆ ಇನ್ನೊಂದು. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿದ ಬೆಳಿಗ್ಗೆ ನಾವಿಬ್ಬರೂ ಆಕೆಯ ಮುಂದೆ ನಿಂತಿದ್ದೆವು. ಮೊದಲು ಜೈತೂನಳನ್ನು ನೋಡಿ ಗಲ್ಲ ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾಲ್ಕು ವರ್ಷ ನನ್ನನ್ನು ದನಿಯಿಂದ, ಮಸುಕು ಆಕಾರದಿಂದಷ್ಟೇ ಬಲ್ಲವಳು. ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ನೋಡಿ, "ನೀ ಇಷ್ಟು ಕರ್ರಗಿದ್ದಿ ಅಂತ ನಾ ತಿಳಿದಿದ್ದಿಲ್ಲೋ," ಎಂದಳು. ಜೈತೂನ್ ನಕ್ಕುಬಿಟ್ಟಳು. ಬಸಲಿಂಗವ್ವ ನಗುತ್ತ ನನ್ನ ಎಡಗಣ್ಣಿನ ಬಿಳಿ ಕಲೆಯ ಹತ್ತಿರ ಬೆರಳು ತಂದು, ಮುಟ್ಟದೆ, ನಗು ನಿಲ್ಲಿಸಿದಳು. "ನೋಯ್ತೈತೇನು?" ಎಂದು ಕೇಳಿದಳು. ಇಲ್ಲವ್ವಾ ಎಂದೆ.

ಊರಿಗೆ ಬಂದ ಮರುದಿನ ಬೆಳಗಾಗುತ್ತಲೇ ಬೀದಿಯ ಆಚೆಯಿಂದ ಆಕೆ ನನ್ನ ಹೆಸರು ಹಿಡಿದು ಕೂಗುವುದು ಕೇಳಿಸಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬಸಲಿಂಗವ್ವ ಕಟ್ಟೆಯ ಮೇಲೆ ತನ್ನ ದೊಡ್ಡ ಹಂಡೆಯನ್ನು ಬಿಸಿಲಿಗೆ ವಾಲಿಸಿ ಹಿಡಿದು, ಅದರ ಬಾಯೊಳಗೆ ಬಗ್ಗಿದ್ದಳು. ಆಸ್ಪತ್ರೆಗೆ ಹೋಗುವ ಹಿಂದಿನ ವಾರವಷ್ಟೇ ಅದಕ್ಕೆ ಕಲಾಯಿ ಹಾಕಿಕೊಟ್ಟಿದ್ದೆ. ತವರದ ಬಿಳುಪಿನಲ್ಲಿ ಆಕೆಯ ಮುಖ, ಕನ್ನಡಕದ ಎರಡು ಗಾಜು, ಹಿಂದಿನ ಆಕಾಶ ಎಲ್ಲವೂ ಮೂಡಿದ್ದವು.

"ಯಾವ ಮುದುಕೀನೋ ಇದರಾಗ ಕುಂತಾಳ," ಎಂದಳು. ಬೆರಳಿಂದ ಒಳಮೈಯನ್ನು ಮೆಲ್ಲಗೆ ಸವರಿದಳು. ಬಹಳ ಹೊತ್ತು ಹಾಗೆಯೇ ಸವರುತ್ತಿದ್ದಳು. "ಮೌಲಾ, ಇಷ್ಟು ಚಂದ ಮಾಡ್ತಿದ್ದೇನೋ ನೀನು? ನಾಲ್ಕು ವರ್ಷದಿಂದ ಹಿಂಗ ಹೊಳೀತಿತ್ತೇನು ಇದು? ಒಮ್ಮಿನೂ ಹೇಳಲಿಲ್ಲಲ್ಲೋ!"

ನನ್ನ ಅಪ್ಪ ಸತ್ತ ಮೇಲೆ ನನ್ನ ಕೆಲಸವನ್ನು ಹೀಗೆ ಬಗ್ಗಿ ನೋಡಿದವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಜೈತೂನ್ ಹುಳಿನೀರಿನ ಕೊಡ ಹೊತ್ತು ಬೀದಿ ದಾಟಿ ಬಂದಳು. ಬಸಲಿಂಗವ್ವ ಇನ್ನೂ ಹಂಡೆಯಿಂದ ತಲೆ ಎತ್ತಿರಲಿಲ್ಲ. ನಾವಿಬ್ಬರೂ ಆಕೆಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು, ಆಕೆ ನೋಡಿ ಮುಗಿಸಲಿ ಎಂದು ಕಾದೆವು.